ಬಾಣಂತಪ್ಪನೂ ಬಾಗಿಲಾಚೆಯ ಕೆಮ್ಮೂ

ಲೋಕದ ಹೆಂಗಸರಿಗೆಲ್ಲ ಗಂಡಸರ ಮೇಲೆ ಒಂದೇ ದೂರು: ಏನೂ ಮಾಡುವುದಿಲ್ಲ ಅಂತ. ನನ್ನ ದೂರೇ ಬೇರೆ. ನನ್ನ ಅಳಿಯಂದಿರು ಎಲ್ಲವನ್ನೂ ಮಾಡುತ್ತಾರೆ! ಬರೆದುಕೊಂಡೆಯೇನೇ? ‘ಎಲ್ಲವನ್ನೂ’ ಅನ್ನುವುದರ ಕೆಳಗೆ ಒಂದು ಗೆರೆ ಎಳೆ. (ಬರೆದುಕೊಳ್ಳುತ್ತಿರುವವಳು ನನ್ನ ಮಗನ ಮಗಳು. ಮಗು ನೋಡಲು ಅಂತ ಬಂದವಳನ್ನು ಹಿಡಿದು ಕೂರಿಸಿಕೊಂಡಿದ್ದೇನೆ. ನನ್ನ ಕೈ ಈಗೀಗ ನಡುಗುತ್ತೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನಗಬೇಡ, ಬರಿ.)

ಮಗಳಿಗೆ ಹೆರಿಗೆಯಾಯಿತು ಅಂತ ಸುದ್ದಿ ಬಂದದ್ದೇ ತಡ, ಹೊರಟುಬಿಟ್ಟೆ. ಒಂದು ಕೈಯಲ್ಲಿ ಹಳೇ ಸೀರೆ ಹರಿದು, ಒಗೆದು ಮೆತ್ತಗೆ ಮಾಡಿದ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ಎಣ್ಣೆ ಸೀಸೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ಕೇಳದಿದ್ದರೂ ಹೇಳಿದೆ: “ಮಗಳ ಬಾಣಂತನಕ್ಕೆ ಹೋಗ್ತಿದ್ದೀನಿ.” ನಮ್ಮವರು ಹೋದ ಮೇಲೆ ಈ ಮಡಿಲಿಗೆ ಬಂದು ಬಿದ್ದದ್ದೆಲ್ಲ ಬಿಡಿಸಬೇಕಾದ ಬಟಾಣಿ, ಇಲ್ಲವೇ ಗುಂಡಿ ಹಾಕಬೇಕಾದ ಅಂಗಿ. ಒಂದು ಮಗುವಿನ ಭಾರ ಹೇಗಿರುತ್ತೆ ಅನ್ನುವುದೇ ತೊಡೆಗೆ ಮರೆತುಹೋಗಿತ್ತು. ಅದೊಂದು ನೆನಪಾಗಲಿ, ಸಾಕು ಅಂದುಕೊಂಡಿದ್ದೆ.

ಬಾಗಿಲು ತೆರೆದವರು ಅಳಿಯಂದಿರು. ಎದೆಗೊಂದು ಬಟ್ಟೆಯ ಜೋಳಿಗೆ, ಜೋಳಿಗೆಯಲ್ಲಿ ಮಗು, ಹೆಗಲ ಮೇಲೆ ಮಗು ಕಕ್ಕಿದ ಹಾಲು, ಕೈಯಲ್ಲಿ ಸೌಟು.

“ಬನ್ನಿ ಅತ್ತೆ. ಸ್ವಲ್ಪ ಮೆತ್ತಗೆ ಮಾತಾಡಿ, ಈಗಷ್ಟೇ ತೇಗು ಬಂತು.”

“ಯಾರಿಗೆ?” ಅಂದೆ ನಾನು.

ಅವರು ಬೇಕರಿಯಲ್ಲಿ ಬ್ರೆಡ್ಡು ಮಾಡುವವರು. ಮಾಲೀಕರ ಕಾಲು ಕೈ ಹಿಡಿದು ರಜೆ ತೆಗೆದುಕೊಂಡಿದ್ದರು. ಹಿಟ್ಟು ನಾದಿ ಪಳಗಿದ ಕೈ ನೋಡಿ! ಮಗುವನ್ನು ಬಟ್ಟೆಯಲ್ಲಿ ಸುತ್ತಿದರೆ ಒಂದು ಸುಕ್ಕಿಲ್ಲ. ಸ್ನಾನದ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡುವುದೇನು, ಎಣ್ಣೆ ಹಚ್ಚುವಾಗ ಬೆರಳ ತುದಿಯಲ್ಲಿ ಅಂಗಾಲು ಒತ್ತುವುದೇನು!

“ಕೊಡಿ, ನಾನು ಹಚ್ತೀನಿ,” ಅಂತ ಕೈ ಚಾಚಿದೆ.

“ನೀವು ದಣಿದು ಬಂದಿದ್ದೀರಿ ಅತ್ತೆ, ಕೂತ್ಕೊಳ್ಳಿ. ಮಗುವೂ ಹಿಟ್ಟೂ ಒಂದೇ. ಹೆದರಿ ಮುಟ್ಟಿದ್ರೆ ಕೈಗೆ ಅಂಟುತ್ತೆ, ಧೈರ್ಯವಾಗಿ ಮುಟ್ಟಿದ್ರೆ ಮಾತು ಕೇಳುತ್ತೆ.”

ಮೂರು ಹೆತ್ತವಳಿಗೆ ಪಾಠ! ಕೂತುಕೊಂಡೆ. ಬಟಾಣಿ ಬಿಡಿಸಿದೆ.

ಹೆರಿಗೆಗೆ ಮುಂಚೆಯೂ ಇವರು ಹೀಗೇ ಅಂತೆ. ಡಾಕ್ಟರ ಹತ್ತಿರ ಪ್ರತಿ ಸಲವೂ ಜೊತೆಗೆ ಹೋಗಿ, “ಕಾಲು ಊದಿದೆ, ಏನು ಮಾಡಲಿ? ಎಡಕ್ಕೆ ಮಲಗಬೇಕಾ, ಬಲಕ್ಕಾ?” ಅಂತ ಮಗಳಿಗಿಂತ ಇವರೇ ಹೆಚ್ಚು ಕೇಳುತ್ತಿದ್ದರಂತೆ. ಹೆರಿಗೆ ಕೋಣೆಯಲ್ಲೂ ಕೈ ಹಿಡಿದು ನಿಂತಿದ್ದರು. ನರ್ಸು “ಜೋರಾಗಿ ಮುಕ್ಕಿ” ಅಂದದ್ದಕ್ಕೆ ಇವರೂ ಉಸಿರು ಬಿಗಿಹಿಡಿದು, ಮುಖ ಟೊಮೆಟೊ ಮಾಡಿಕೊಂಡು ಮುಕ್ಕಿದರಂತೆ. “ನೀವಲ್ಲ ಸ್ವಾಮಿ, ಅವರು!” ಅಂತ ನರ್ಸು ಗದರಿಸಿದಾಗ ನನ್ನ ಮಗಳು ಆ ನೋವಿನಲ್ಲೂ ನಕ್ಕಳಂತೆ, ನಗುವಿನ ಜೊತೆಗೇ ಮಗು ಬಂತಂತೆ. (ಇದರಲ್ಲಿ ಎಷ್ಟು ನಿಜವೋ, ಅವಳು ಚಿಕ್ಕವಳಿದ್ದಾಗಿಂದ ಕಥೆ ಕಟ್ಟುವವಳೇ.)

‘ಬಾಣಂತಿ’ಗೆ ಪುಲ್ಲಿಂಗ ಏನು? ನಮ್ಮ ಭಾಷೆಯಲ್ಲೇ ಇಲ್ಲ. ಇಂಥ ಒಬ್ಬರು ಹುಟ್ಟುತ್ತಾರೆ ಅಂತ ಹಿರಿಯರಿಗೇನು ಗೊತ್ತಿತ್ತು? ಕೊನೆಗೆ ನಾನೇ ಒಂದು ಪದ ಟಂಕಿಸಿದೆ: ಬಾಣಂತಪ್ಪ.

“ನಗಿಸಬೇಡಮ್ಮ, ಹೊಲಿಗೆ ಎಳೆಯುತ್ತೆ,” ಅಂದಳು ಮಗಳು. “ನಿನಗೆ ಹೊಟ್ಟೆಕಿಚ್ಚು.”

“ಯಾಕೆ, ನಮ್ಮವರೂ ನನ್ನ ಬಾಣಂತನದಲ್ಲಿ ಭಾಗವಹಿಸಿದ್ದರು.”

“ಅಪ್ಪನಾ? ಏನು ಮಾಡ್ತಿದ್ರು?”

“ಕೆಮ್ಮುತ್ತಿದ್ದರು.”

ನಿಜ ಕಣೇ, ಬರಿ. ಗಡಿಯಾರ ರಿಪೇರಿ ಮಾಡುತ್ತಿದ್ದವರು ಅವರು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸುವ ಕೈ. ಮಗು ಕೊಟ್ಟರೆ ಗಡಗಡ ನಡುಗುತ್ತಿತ್ತು. ಅದೂ ಅಲ್ಲದೆ ಆಗ ಬಾಣಂತಿ ಕೋಣೆಗೆ ಗಂಡಸರು ಬರುವುದೆಂದರೆ ನನ್ನಮ್ಮನಿಗೆ ಪ್ರಳಯ. ಅಂಗಡಿ ಮುಚ್ಚಿ ಬಂದವರು ನೇರವಾಗಿ ನನ್ನ ಕೋಣೆಯ ಬಾಗಿಲಾಚೆ ನಿಲ್ಲುತ್ತಿದ್ದರು. “ಖೊಕ್.” ಅಂದರೆ, ಮಗು ಹೇಗಿದೆ? “ಖೊಕ್ ಖೊಕ್.” ಅಂದರೆ, ನೀನು ಹೇಗಿದ್ದೀಯ? ನಾನು ಮಂಚದ ಪಕ್ಕದ ಲೋಟಕ್ಕೆ ಚಮಚದಿಂದ ‘ಟಿಣ್’ ಅನ್ನಿಸುತ್ತಿದ್ದೆ: ಚೆನ್ನಾಗಿದ್ದೀವಿ. ಅಷ್ಟೇ ನಮ್ಮ ಸರಸ ಸಲ್ಲಾಪ. ಒಂದು ಸಲ ಒಳಗೆ ಬಂದು, ತಲೆ ಮೇಲೆ ಕೈಯಿಟ್ಟು, “ಊಟ ಆಯ್ತಾ?” ಅಂತ ಕೇಳಬಾರದೇ ಅಂತ ಎಷ್ಟು ಆಸೆಪಟ್ಟಿದ್ದೆನೋ, ಆ ಬಾಗಿಲಿಗೇ ಗೊತ್ತು.

ನನ್ನಮ್ಮ ಪಾಪ, ಮುಗ್ಧೆ. “ಅಳಿಯಂದಿರಿಗೆ ಕೆಮ್ಮು ಹಿಡಿದಿದೆ,” ಅಂತ ಯಾವುದೋ ಬೇರು ತೇದು, ಮೆಣಸು ಕುಟ್ಟಿ, ವಿಷದಂಥ ಕಷಾಯ ಮಾಡಿದಳು. ನನ್ನ ಕೋಣೆಯ ಮೂಲೆಯ ಒಲೆಯಲ್ಲೇ ಕುದಿಸಿ, ಬಾಗಿಲು ತೆರೆದು, ಕೈಗೆ ಲೋಟ ಕೊಟ್ಟು, ಕುಡಿಯುವವರೆಗೂ ಕಾವಲು ನಿಲ್ಲುತ್ತಿದ್ದಳು. ಅವರು ತುಟಿಪಿಟಿಕ್ಕೆನ್ನದೆ ಕುಡಿಯುತ್ತಿದ್ದರು. ಮರುದಿನ ಮತ್ತೆ ಬಂದು ಕೆಮ್ಮುತ್ತಿದ್ದರು. ಎಂಥ ಪೆದ್ದು ಮನುಷ್ಯ, ಸುಮ್ಮನೆ ನಿಂತಿದ್ದರೆ ಕಷಾಯವಾದರೂ ತಪ್ಪುತ್ತಿತ್ತಲ್ಲ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ.

ಎಲ್ಲಿದ್ದೆ? ಹಾಂ, ಬಟಾಣಿ.

ಮೊನ್ನೆ ಬೇಕರಿಯಿಂದ ಫೋನು ಬಂತು: ಬದಲಿ ಮನುಷ್ಯ ಮಾಡಿದ ಬ್ರೆಡ್ಡೆಲ್ಲ ಇಟ್ಟಿಗೆಯಾಗಿದೆ, ಒಂದು ಗಳಿಗೆ ಬಂದುಹೋಗಿ ಅಂತ. ಅಳಿಯಂದಿರು ಮಗಳ ಪಕ್ಕದಲ್ಲಿ ಮಗು ಮಲಗಿಸಿ ಓಡಿದರು. ವಾಪಸು ಬಂದವರಿಗೆ ಹುಬ್ಬಿನವರೆಗೂ ಬೆಳ್ಳಗೆ ಹಿಟ್ಟು. ಹೊಸಿಲು ದಾಟುತ್ತಲೇ, “ಖೊಕ್ ಖೊಕ್!”

ನನ್ನ ತಲೆಯಲ್ಲಿ ದೀಪ ಹತ್ತಿತು. “ಅಯ್ಯಯ್ಯೋ, ಕೆಮ್ಮು! ಎಳೇ ಮಗು ಇರೋ ಮನೇಲಿ! ಅಲ್ಲೇ ನಿಲ್ಲಿ ಅಳಿಯಂದಿರೇ. ಕೆಮ್ಮಿದವರು ಕೋಣೆ ಆಚೆ. ಇದು ಕಾನೂನು.”

“ಅತ್ತೆ, ಇದು ಕೆಮ್ಮಲ್ಲ, ಮೈದಾ...”

“ಎಲ್ಲ ಕೆಮ್ಮೂ ಮೊದಲು ಹಾಗೇ ಹೇಳುತ್ತೆ!”

ಪಾಪ, ಮಗುವಿನ ವಿಷಯ ಅಂದರೆ ಆ ಮನುಷ್ಯ ಎದುರಾಡುವುದಿಲ್ಲ. ಹೊರಗಿನ ಕೋಣೆಯಲ್ಲಿ ಕೂತರು. ನನ್ನಮ್ಮನ ಕಷಾಯವನ್ನೇ ಜ್ಞಾಪಿಸಿಕೊಂಡು ಒಂದು ಪಾತ್ರೆ ತುಂಬ ಕುದಿಸಿ ಒಂದು ಲೋಟ ಕುಡಿಸಿದೆ. ಅವರು ಕಣ್ಣು ತೇಲಿಸಿದರು. ನಾನು ಒಳಗೆ ಹೋಗಿ, ಬಾಗಿಲು ಹಾಕಿ, ಜಗತ್ತನ್ನೇ ಗೆದ್ದವಳ ಹಾಗೆ ಕಾಲು ಚಾಚಿ ಕೂತು ಮಗುವನ್ನು ಮಡಿಲಿಗೆ ಹಾಕಿಕೊಂಡೆ.

ಆಹಾ, ಆ ಭಾರ! ತೊಡೆಗೆ ಎಲ್ಲ ನೆನಪಾಯಿತು.

ಮಗುವಿಗೆ ಮಾತ್ರ ನನ್ನ ನೆನಪು ಎಲ್ಲಿಂದ ಬರಬೇಕು? ಕಣ್ಣುಬಿಟ್ಟು ನನ್ನನ್ನು ನೋಡಿತು. ನೋಡಿ, ಕಿರುಚಿತು. ತಟ್ಟಿದೆ, ತೂಗಿದೆ, ಹಾಡಿದೆ. (ಹಾಡಿದ ಮೇಲೆ ಇನ್ನೂ ಜೋರಾಯಿತು.) ಮಗಳು ಹಾಲಿಗೆ ಹಿಡಿದರೂ ಬೇಡ. ಮನೆಯೇ ಮೇಲೆ ಹಾರುವಂತೆ ಅಳು. ಆಗ ಬಾಗಿಲಾಚೆಯಿಂದ, ಮೆತ್ತಗೆ:

“ಖೊಕ್ ಖೊಕ್.”

ಮಗು ಗಪ್‌ಚಿಪ್. ಸದ್ದು ಬಂದ ಕಡೆಗೆ ತಲೆ ತಿರುಗಿಸಿ, ಬಾಯಿ ಅರ್ಧ ತೆರೆದು ಕೇಳಿಸಿಕೊಂಡಿತು. ಒಳಗೆ ಮಗು, ಆಚೆಗೆ ಅಪ್ಪ, ನಡುವೆ ಮುಚ್ಚಿದ ಬಾಗಿಲು. ಇದನ್ನು ನಾನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನನಗೇ ಗೊತ್ತಿಲ್ಲದೆ ಕೈ ಮಂಚದ ಪಕ್ಕದ ಲೋಟ, ಚಮಚ ಹುಡುಕುತ್ತಿತ್ತು. ಅಳು ನುಂಗಲು ಹೋದೆ, ಅದು ಅಡ್ಡದಾರಿ ಹಿಡಿಯಿತು.

“ಖೊಕ್! ಖೊಕ್ ಖೊಕ್ ಖೊಕ್!”

“ಅಮ್ಮಾ! ನಿನಗೂ ಅಂಟಿತಾ?” ಮಗಳು ದಡಕ್ಕನೆ ಎದ್ದು ಮಗು ಕಿತ್ತುಕೊಂಡಳು.

“ಇದು ಕೆಮ್ಮಲ್ಲ ಕಣೇ...”

“ಎಲ್ಲ ಕೆಮ್ಮೂ ಮೊದಲು ಹಾಗೇ ಹೇಳುತ್ತೆ. ನಡಿ ಆಚೆ. ನಿನ್ನದೇ ಕಾನೂನು. ರೀ, ಮುಖ ತೊಳ್ಕೊಂಡು ಒಳಗೆ ಬನ್ನಿ, ನಿಮ್ಮದು ಬರೀ ಮೈದಾ. ಹಾಗೇ ಆ ಕಷಾಯದ ಪಾತ್ರೆನೂ ತನ್ನಿ.”

ಅಲ್ಲಿಂದ ನಾನು ಹೊರಗಿನ ಕೋಣೆಯಲ್ಲಿ. ನನ್ನ ಗಂಟು, ನನ್ನ ಸೀಸೆ, ನಾನು. ಒಳಗೆ ಮೂವರೂ ಗುಸುಗುಸು. ಎಷ್ಟು ಹೊತ್ತು ಅಂತ ಸುಮ್ಮನಿರಲಿ? ಬಾಗಿಲ ಹತ್ತಿರ ಹೋಗಿ ಮೆಲ್ಲಗೆ, “ಖೊಕ್,” ಅಂದೆ. ಯಾರಿಗೆ ಅರ್ಥವಾಗಬೇಕು? ಅರ್ಥವಾಗುತ್ತಿದ್ದವರು ಹೋಗಿಬಿಟ್ಟಿದ್ದಾರೆ.

ಒಳಗಿಂದ ‘ಟಿಣ್’ ಅಂದಿತು!

ದೇವರಾಣೆ, ಲೋಟಕ್ಕೆ ಚಮಚ ತಾಗಿದ ಸದ್ದು. ಬಾಗಿಲು ತೆರೆಯಿತು. ಚಮಚದಲ್ಲಿ ಕಷಾಯ ಕಲಕುತ್ತಾ ನಿಂತಿದ್ದರು ಅಳಿಯಂದಿರು. “ಕುಡೀರಿ ಅತ್ತೆ. ಪೂರ್ತಿ. ನಾನು ಇಲ್ಲೇ ನಿಂತಿರ್ತೀನಿ. ಊಟ ಆಯ್ತಾ?”

ಎಂಥ ಕಹಿ ಅಂತೀಯ! ಉಗಿಯೋಣ ಅಂತ ಮುಖ ಎತ್ತಿದೆ. ಆಗ ಅವರ ತೋಳಿನ ಸಂದಿನಿಂದ, ತೆರೆದ ಬಾಗಿಲಿನಾಚೆ, ಮಂಚದ ಮೇಲೆ ಮಗು ಕಂಡಿತು. ಪಕ್ಕದಲ್ಲಿ ಮಗು ಹೆತ್ತವಳೂ ಕಂಡಳು. ಲೋಟ ಖಾಲಿಯಾಗುವವರೆಗೂ ಬಾಗಿಲು ತೆರೆದೇ ಇತ್ತು.

ನಮ್ಮವರನ್ನು ಪೆದ್ದು ಮನುಷ್ಯ ಅಂದೆನಲ್ಲ ಆಗಲೇ, ಅದನ್ನು ಹೊಡೆದುಹಾಕು ಪುಟ್ಟಿ. ನಾನು ನಿಧಾನವಾಗಿ, ಒಂದೊಂದೇ ಗುಟುಕು ಕುಡಿದೆ.

ಇವತ್ತು ಬೆಳಗ್ಗಿನಿಂದ ಗಂಟಲು ಚೆನ್ನಾಗಿದೆ. ಪಾತ್ರೆಯಲ್ಲಿ ಕಷಾಯ ಇನ್ನೂ ಇದೆಯಾ, ನೋಡಿಬಂದೆಯಾ? ಇದೆ ತಾನೇ? ಸ್ವಲ್ಪ ತಾಳು, ಪೆನ್ನು ಕೆಳಗಿಡು, ಇದನ್ನು ಬರೆಯಬೇಡ.

ಖೊಕ್ ಖೊಕ್.