ಕೈಗೆ ಪಟ್ಟಿ ಕಟ್ಟಿ, ಏನೂ ಗೊತ್ತಿಲ್ಲವೆಂದ ಕೋಚ್ ಸಾಹೇಬರಿಗೆ

ಚಿಕ್ಕಬಳ್ಳಾಪುರದ ನಮ್ಮ ಕಾಲೇಜು ಫುಟ್‌ಬಾಲ್ ತಂಡಗಳ ಮುಖ್ಯ ತರಬೇತುದಾರರೂ, ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಎಲ್ಲೆಲ್ಲಿ ಗೋಲ್‌ಕಂಬ ನೆಟ್ಟಿದೆಯೋ ಅಲ್ಲೆಲ್ಲ ಹೆಸರು ಮಾಡಿದವರೂ, ಸೀಟಿ ಊದದೆ ಬರಿಯ ಹುಬ್ಬು ಏರಿಸಿಯೇ ಓಡುವ ಹುಡುಗರನ್ನು ನಿಲ್ಲಿಸಬಲ್ಲವರೂ ಆದ ಶ್ರೀ ರಾಮಾಂಜಿನಪ್ಪನವರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಶ್ರೀಮತಿ ಗೋದಮ್ಮನವರಿಗೂ, ತಮ್ಮ ಕೊರಳಲ್ಲಿ ಸದಾ ತೂಗುವ ಸೀಟಿಗೂ ನನ್ನ ನಮಸ್ಕಾರಗಳು. ನಾನು ಶೋಭಾರಾಣಿ, ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು, ತಮ್ಮ ಹುಡುಗಿಯರ ತಂಡದ ಗೋಲ್‌ಕೀಪರ್ ಯಾಮಿನಿಯ ತಾಯಿ. ಈ ಪತ್ರವನ್ನು ತಮ್ಮ ಕೈಗೇ ಕೊಡಬಹುದಿತ್ತು, ತಮ್ಮ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆಗಷ್ಟೇ ಇದೆ. ಆದರೆ ಕಣ್ಣೆದುರಿಗೆ ತಂದಿಟ್ಟದ್ದನ್ನೂ ನೋಡಿಲ್ಲವೆನ್ನುವ ಹೊಸ ಅಭ್ಯಾಸವೊಂದು ತಮಗೆ ಅಂಟಿಕೊಂಡಿರುವುದರಿಂದ, ಊರಿನವರೆಲ್ಲ ಕಾಫಿ ಕುಡಿಯುತ್ತಾ ಓದುವ ಪತ್ರಿಕೆಗೆ ಕಳಿಸುವುದೇ ವಾಸಿ ಎನಿಸಿತು. ಇದರಲ್ಲಿ ಹೆಸರು ಬರುವ ತನುಜ ಪತ್ರವನ್ನು ಓದಿ, ತನ್ನ ಹೆಸರನ್ನು ಮುಚ್ಚಿಡಬೇಡಿ ಎಂದು ಹೇಳಿದ ಮೇಲೆಯೇ ಕಳಿಸುತ್ತಿದ್ದೇನೆ.

ಮೊದಲಿಗೆ ತಮ್ಮ ಜ್ಞಾನವನ್ನು ಹೊಗಳದೆ ಮುಂದೆ ಹೋದರೆ ನನಗೆ ಸಮಾಧಾನವಿರುವುದಿಲ್ಲ. ಚಿಂತಾಮಣಿ ಬಸ್ ನಿಲ್ದಾಣದಲ್ಲಿ ಪಂದ್ಯಕ್ಕೆ ಮುಂಚೆ ಕದ್ದು ಬೋಂಡಾ ತಿಂದವನು ಯಾರೆಂಬುದು ಅವನು ಮೈದಾನಕ್ಕೆ ಇಳಿಯುವ ಮೊದಲೇ ತಮಗೆ ಗೊತ್ತು. ಯಾರು ಫೋನು ನೋಡುತ್ತಾ ನಿದ್ದೆಗೆಟ್ಟಿದ್ದಾರೆ, ಯಾರ ಬೂಟಿನ ಹಿಮ್ಮಡಿ ಸವೆದಿದೆ, ಯಾರಿಗೆ ಯಾರ ಮೇಲೆ ಮುನಿಸು, ಎಲ್ಲವೂ ತಮಗೆ ಗೊತ್ತು. ಒಮ್ಮೆ ನನ್ನ ಮಗಳು ಉಪ್ಪಿಟ್ಟು ಬೇಡವೆಂದು ಮುಖ ತಿರುಗಿಸಿಕೊಂಡು ಪ್ರಾಕ್ಟೀಸಿಗೆ ಬಂದ ದಿನ ತಾವು ನನಗೇ ಫೋನು ಮಾಡಿ, "ಮೇಡಂ, ಹುಡುಗಿ ತಿಂಡಿ ತಿಂದಿಲ್ಲ. ಏನ್ ನಡೀತಿದೆ ನಿಮ್ಮ ಮನೇಲಿ?" ಎಂದು ಗದರಿದ್ದಿರಿ. ನನಗೆ ಕೋಪ ಬರಲಿಲ್ಲ, ಬದಲಿಗೆ ಧೈರ್ಯ ಬಂತು. ಇಷ್ಟು ಕಣ್ಣಿಟ್ಟು ಕಾಯುವವರ ಕೈಯಲ್ಲಿ ಮಗಳಿದ್ದಾಳಲ್ಲ ಎಂದು ನೆಮ್ಮದಿಯಾಗಿ ಪಾಠಕ್ಕೆ ಹೋದೆ.

ಇಷ್ಟೆಲ್ಲ ಬಲ್ಲ ತಮಗೆ ತಮ್ಮ ಸಹಾಯಕ ಕೋಚ್ ಮೋಹನ್‌ಬಾಬು ಅವರ ಮನೆಯ ವಿಷಯ ಮಾತ್ರ ಗೊತ್ತಾಗಲೇ ಇಲ್ಲವಂತೆ. ಆ ಮನೆಯೇನು ಆಂಧ್ರದ ಗಡಿಯಾಚೆ ಇದೆಯೇ? ಕಾಲೇಜಿನ ಕ್ವಾರ್ಟರ್ಸ್, ಉತ್ತರದ ಗೋಲ್‌ಕಂಬದ ಹಿಂದಿನ ಗೋಡೆ ಹಾರಿದರೆ ಅವರ ಹಿತ್ತಲು. ಜೋರಾಗಿ ಒದ್ದ ಚೆಂಡುಗಳೆಲ್ಲ ಅಲ್ಲಿಯೇ ಬೀಳುವುದು, ಅವರ ಹೆಂಡತಿ ತನುಜ ಪಾತ್ರೆ ತೊಳೆಯುವುದನ್ನು ಬಿಟ್ಟು ಎದ್ದು ಬಂದು ಅವನ್ನು ಎಸೆದುಕೊಡುವುದು. ಗಂಡ ಹೊಡೆಯುತ್ತಾನೆಂದು ತನುಜ ಠಾಣೆಯಲ್ಲಿ ದೂರು ಕೊಟ್ಟು, ತವರಿಗೆ ಹೋಗಿ, ಅದರ ಪ್ರತಿಯನ್ನು ಕಾಲೇಜಿಗೂ ಕಳಿಸಿದ ಮೇಲೆ, ಆತನನ್ನು ಕೆಲಸದಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಎಂದು ನೋಡಲು ಆಡಳಿತದವರು ಸಮಿತಿಯೊಂದನ್ನು ಮಾಡಿದರು. ಮೊದಲೇ ಇದು ಯಾರಿಗಾದರೂ ತಿಳಿದಿತ್ತೇ ಎಂದು ಸಮಿತಿಯವರು ಕೇಳಿದ್ದಕ್ಕೆ ತಾವು, "ಗ್ರೌಂಡಲ್ಲಿ ಅವನು ಚಿನ್ನ ಸ್ವಾಮಿ. ಗ್ರೌಂಡ್ ದಾಟಿದ ಮೇಲೆ ಅವನ ಮನೆ ವಿಚಾರ ನನಗೇನ್ ಗೊತ್ತು?" ಎಂದಿರಿ. ಮೈದಾನದ ಸುತ್ತ ಹಾಕುವ ಸುಣ್ಣದ ಗೆರೆಗೆ ಇಷ್ಟೊಂದು ಮಹಿಮೆಯಿದೆಯೆಂದು ನಾನು ಅಲ್ಲಿಯವರೆಗೆ ಅರಿತಿರಲಿಲ್ಲ.

ಈಗ ಪಟ್ಟಿಯ ವಿಷಯಕ್ಕೆ ಬರುತ್ತೇನೆ. ಕೆಲವು ತಿಂಗಳ ಹಿಂದೆ ನಮ್ಮ ಬೀದಿಯಲ್ಲೊಂದು ನಾಮಕರಣವಿತ್ತು. ತನುಜಳೂ ಬಂದಿದ್ದಳು, ಬಲಗೈ ಮಣಿಕಟ್ಟಿಗೆ ಕಿತ್ತಳೆ ಬಣ್ಣದ ಪಟ್ಟಿ ಸುತ್ತಿಕೊಂಡು, ತಾಂಬೂಲವನ್ನು ಎಡಗೈಯಲ್ಲಿ ತೆಗೆದುಕೊಳ್ಳಬೇಕಾಯಿತಲ್ಲ ಎಂದು ಸಂಕೋಚಪಡುತ್ತಾ. ಏನಾಯಿತಮ್ಮಾ ಎಂದರೆ, "ಬಚ್ಚಲಲ್ಲಿ ಜಾರಿಬಿಟ್ಟೆ ಅಕ್ಕ" ಎಂದಳು. ನಾನು ನಂಬಿದೆ. ಯಾಮಿನಿ ನಂಬಲಿಲ್ಲ. ಮನೆಗೆ ಬರುವ ದಾರಿಯಲ್ಲಿ, "ಅಮ್ಮ, ಅದು ನಮ್ಮ ಸರ್ ಕಟ್ಟಿರೋದು ಕಣಮ್ಮ. ಹೆಬ್ಬೆರಳ ಹತ್ರ ಮೀನಿನ ಬಾಲದ ಥರ ಸೀಳಿ ಬಿಡೋದು ಅವರೊಬ್ಬರೇ" ಎಂದಳು. ಅವಳ ಕೈಗೂ ಕಾಲಿಗೂ ತಾವು ಎಷ್ಟು ಸಲ ಪಟ್ಟಿ ಕಟ್ಟಿದ್ದೀರೋ, ಅವಳಿಗೆ ಗುರುತು ಸಿಕ್ಕದಿದ್ದೀತೇ?

ಆಮೇಲೊಂದು ದಿನ ತನುಜ ತಾನಾಗಿಯೇ ನಮ್ಮ ಮನೆಗೆ ಬಂದು ಎಲ್ಲವನ್ನೂ ಹೇಳಿಕೊಂಡಳು. ಗಂಡ ಕೈ ತಿರುಚಿದ ದಿನ ಅವಳು ಠಾಣೆಗೂ ಹೋಗಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಮಾಡುವಂತೆ, ಗಂಡನಿಗೆ ಬುದ್ಧಿ ಹೇಳಬಲ್ಲ ಹಿರಿಯರೆಂದು ತಮ್ಮ ಮನೆಗೆ ಬಂದಳು. ತಾವು ಅವಳನ್ನು ಜಗಲಿಯ ಮೇಲೆ ಕೂರಿಸಿ, ಗೋದಮ್ಮನವರಿಂದ ಐಸು ತರಿಸಿ, ಅವಳು ಬಾಯಿ ತೆರೆಯುವ ಮೊದಲೇ "ಬಚ್ಚಲಲ್ಲಿ ಜಾರಿದ್ಯೇನಮ್ಮ?" ಎಂದು ಕೇಳಿದಿರಂತೆ. ನನ್ನೆದುರು ಅವಳು ಹೇಳಿದ ಉತ್ತರವನ್ನು ಅವಳೇ ಹೆಣೆದದ್ದೆಂದುಕೊಂಡಿದ್ದೆ. ಅದು ತಮ್ಮ ಕೊಡುಗೆಯೆಂದು ಆಗ ತಿಳಿಯಿತು. ತಮಗೆ ಅವಳು ನಿಜವನ್ನೇ ಹೇಳಿದ್ದಳು, "ಇಲ್ಲ ಸರ್, ಅವರು ತಿರುಚಿದರು" ಎಂದಿದ್ದಳು. ತಾವು ಅದಕ್ಕೆ, "ಆಯ್ತು ಆಯ್ತು, ಕೈ ಅಲ್ಲಾಡಿಸಬೇಡ" ಎಂದಷ್ಟೇ ಹೇಳಿ ಪಟ್ಟಿ ಸುತ್ತಿದಿರಿ.

ಮಾನ್ಯರೇ, ಇಲ್ಲಿ ನನ್ನದೊಂದು ಸಣ್ಣ ಪ್ರಶ್ನೆ. ಮಣಿಕಟ್ಟು ಒಳಕ್ಕೆ ತಿರುಚಿತೋ ಹೊರಕ್ಕೆ ತಿರುಚಿತೋ ತಿಳಿಯದೆ ಪಟ್ಟಿ ಸುತ್ತುವವನು ಕಸಾಯಿಯೆಂದು ಪ್ರತಿ ವರ್ಷವೂ ಹೊಸ ಮಕ್ಕಳಿಗೆ ಪಾಠ ಹೇಳುವವರು ತಾವೇ ಅಲ್ಲವೇ? ತಿರುಚಿದ ದಿಕ್ಕಿಗೆ ಎದುರಾಗಿ ಎಳೆದು ಕಟ್ಟಬೇಕೆಂಬುದು ತಮ್ಮ ಪದ್ಧತಿ ಎಂದು ಯಾಮಿನಿ ಹೇಳುತ್ತಾಳೆ. ತನುಜಳ ಪಟ್ಟಿಯನ್ನು ಸರಿಯಾಗಿಯೇ ಕಟ್ಟಿದ್ದಿರಿ, ಊತ ಬೇಗ ಇಳಿಯಿತು, ಅದಕ್ಕೆ ಜೀವಶಾಸ್ತ್ರದವಳಾಗಿ ತಮಗೆ ಕೈಮುಗಿಯುತ್ತೇನೆ. ಮೋಹನ್‌ಬಾಬು ತನ್ನ ಹೆಂಡತಿಯ ಕೈಯನ್ನು ಯಾವ ದಿಕ್ಕಿಗೆ ತಿರುಚಿದನೆಂಬುದನ್ನು ತಿಳಿದವರಿಗೆ, ತಿರುಚಿದನೆಂಬುದು ಮಾತ್ರ ಗೊತ್ತಿರಲಿಲ್ಲವೆಂದರೆ ಹೇಗೆ ಸ್ವಾಮಿ?

ತಾವು ಸುಮ್ಮನೆ ಕೂತಿರಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ತಪ್ಪಾಗುತ್ತದೆ. ಪಟ್ಟಿ ಕಟ್ಟಿದ ಮುಂದಿನ ಭಾನುವಾರವೇ ಗಂಡಹೆಂಡಿರಿಬ್ಬರನ್ನೂ ಮನೆಗೆ ಕರೆಸಿ, ಒಂದೇ ಎಲೆಯ ಮುಂದೆ ಕೂರಿಸಿ, ಒಬ್ಬಟ್ಟು ಬಡಿಸಿ, ಅದರ ಮೇಲೆ ತುಪ್ಪ ಸುರಿದು, ತನುಜಳಿಗೆ ಅರಿಶಿನ ಕುಂಕುಮ ರವಿಕೆಕಣ ಕೊಡಿಸಿ ಕಳಿಸಿದಿರಿ. ಜಗಳವಾಡಿದ ಆಟಗಾರರನ್ನು ತಾವು ರಾಜಿ ಮಾಡಿಸುವುದೂ ಹೀಗೆಯೇ, ಒಂದೇ ತಟ್ಟೆಯಲ್ಲಿ ತಿನ್ನಿಸಿ. ಅವರ ಮಟ್ಟಿಗೆ ಅದು ಕೆಲಸ ಮಾಡಿದೆ, ಏಕೆಂದರೆ ಅಲ್ಲಿ ಇಬ್ಬರೂ ಹೊಡೆದಿರುತ್ತಾರೆ. ಇಲ್ಲಿ ಹೊಡೆದವನು ಒಬ್ಬ, ಒಬ್ಬಟ್ಟು ತಿಂದವರು ಇಬ್ಬರು. ಮೈದಾನದಲ್ಲಿ ಎದುರಾಳಿಯ ಕೈ ತಿರುಚಿದವನಿಗೆ ಕೆಂಪು ಕಾರ್ಡು, ಮನೆಯಲ್ಲಿ ಹೆಂಡತಿಯ ಕೈ ತಿರುಚಿದವನಿಗೆ ಬೆಲ್ಲ ಮತ್ತು ತುಪ್ಪ ಎಂಬ ನಿಯಮವನ್ನು ತಾವು ಯಾವ ಪುಸ್ತಕದಲ್ಲಿ ಓದಿದಿರೋ ತಿಳಿಯದು. ಆ ಊಟದ ನಂತರ ಮೋಹನ್‌ಬಾಬು ಕಾಣುವ ಕಡೆ ಹೊಡೆಯುವುದನ್ನು ಬಿಟ್ಟನೆಂದು ತನುಜ ಹೇಳಿದಳು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಮಾನ್ಯರೇ, ತಮ್ಮ ಮೇಲೆಯೇ ಬರುತ್ತದೆ, ಎಷ್ಟು ತಡೆದರೂ ಬರುತ್ತದೆ.

ಈಗ ಸೋಮವಾರ ಸಮಿತಿ ಮತ್ತೆ ಕೂರುತ್ತದೆ, ತಮ್ಮ ಹೇಳಿಕೆಯನ್ನು ಬರೆದುಕೊಂಡು ತೀರ್ಮಾನ ಮಾಡುತ್ತದೆ. ಅದಕ್ಕೆ ಹಿಂದಿನ ದಿನ, ಈ ಭಾನುವಾರ, ತಾವು ಮತ್ತೊಮ್ಮೆ ಒಬ್ಬಟ್ಟಿನ ಊಟಕ್ಕೆ ಏರ್ಪಾಡು ಮಾಡಿ, ಅಂಬಾಜಿದುರ್ಗದ ಬುಡದ ಹಳ್ಳಿಯಲ್ಲಿ ತವರುಮನೆಯಲ್ಲಿರುವ ತನುಜಳಿಗೆ ಹೇಳಿಕಳಿಸಿದ್ದೀರಿ. ಅವಳ ತಾಯಿ ಕೊಂಡಮ್ಮನವರಿಗೆ ತಮ್ಮ ಮೇಲೆ ಅಪಾರ ಗೌರವ. ನಾನು ನೋಡಲು ಹೋದಾಗ, "ಸಾರು ಪೆದ್ದವಾರು, ದೊಡ್ಡೋರು. ಅವರೇ ಕರೆದ ಮೇಲೆ ಹೋಗ್ದೆ ಇರಕ್ಕಾಗುತ್ತಾ? ನಾಲ್ಕು ಜನ ಏನಂತಾರಮ್ಮ?" ಎಂದು ನನ್ನನ್ನೇ ಕೇಳಿದರು. ತನುಜ ನನ್ನನ್ನು ಹುಣಸೆಮರದವರೆಗೆ ಕಳಿಸಲು ಬಂದವಳು, "ಆ ಎಲೆ ಮುಂದೆ ಇನ್ನೊಂದ್ಸಲ ಕೂತ್ರೆ ರಾಜಿ ಆಯ್ತು ಅಂತ ಬರ್ಕೊಂಡುಬಿಡ್ತಾರೆ ಅಕ್ಕ. ಆಮೇಲೆ ನಾನು ಆ ಮನೆಗೇ ಹೋಗ್ಬೇಕು. ಇನ್ನೊಂದ್ಸಲ ದೂರು ಕೊಟ್ರೆ ಯಾರು ನಂಬ್ತಾರೆ?" ಎಂದಳು. ಅಳಲಿಲ್ಲ. ಸೆರಗಿನಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ಆದಕಾರಣ ನನ್ನ ಕೆಲವು ವಿನಮ್ರ ಕೋರಿಕೆಗಳನ್ನು ತಾವು ದಯಮಾಡಿ ಪರಿಶೀಲಿಸಬೇಕು. ಒಬ್ಬನ ಬೂಟಿನ ದಾರ ಬಿಚ್ಚಿದ್ದರೆ ಇಡೀ ತಂಡ ಓಡಬೇಕು, ತಂಡವೆಂದರೆ ಒಂದೇ ಮನೆ ಎಂಬುದು ತಮ್ಮ ಪ್ರಸಿದ್ಧ ಶಾಸನ. ಅದರ ಪ್ರಕಾರ ತಮ್ಮ ಸಹಾಯಕನ ಲೆಕ್ಕದಲ್ಲಿ ತಾವು ಮೈದಾನದಿಂದ ಹೊರಟು ಕಳವಾರದ ಬೆಟ್ಟದ ಬುಡ ಮುಟ್ಟಿ ಓಡಿ ಬರಬೇಕಾಗುತ್ತದೆ. ತಮ್ಮ ಮಂಡಿ ನೋವು ನನಗೆ ಗೊತ್ತಿರುವುದರಿಂದ, ಅಲ್ಲಲ್ಲಿ ನಿಂತು ಎಳನೀರು ಕುಡಿಯುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಅದು ಕಷ್ಟವೆನಿಸಿದರೆ ಇನ್ನೊಂದಿಷ್ಟು ಸುಣ್ಣ ತರಿಸಿ ಗೆರೆಯನ್ನು ಕ್ವಾರ್ಟರ್ಸಿನ ಅಡುಗೆಮನೆಯನ್ನೂ ಬಳಸಿ ಎಳೆಸಿರಿ, ಆಗ ಅಲ್ಲಿ ನಡೆಯುವುದೂ ತಮ್ಮ ಕಣ್ಣಿಗೆ ಬಿದ್ದೀತು. ಅಥವಾ ಒಬ್ಬ ರೆಫರಿಯನ್ನು ಒಲೆಯ ಪಕ್ಕ ಸ್ಟೂಲು ಹಾಕಿ ಕೂರಿಸಿರಿ, ಅವನಿಗೆ ಊಟ ತಿಂಡಿ ನಾವು ಬೀದಿಯವರೇ ನೋಡಿಕೊಳ್ಳುತ್ತೇವೆ.

ಗೌರಿಬಿದನೂರಿನ ಪಂದ್ಯಾವಳಿ ಹತ್ತಿರ ಬರುತ್ತಿದೆ, ಮೋಹನ್‌ಬಾಬು ಇಲ್ಲದಿದ್ದರೆ ಡಿಫೆನ್ಸ್ ಕುಸಿಯುತ್ತದೆ ಎಂಬ ತಮ್ಮ ಸಂಕಟವೂ ನನಗೆ ಅರ್ಥವಾಗುತ್ತದೆ. ತಾವು ಕೆಟ್ಟವರಲ್ಲ. ಕಾಲು ಮುರಿದ ಹುಡುಗನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವರು ತಾವು, ಅದನ್ನು ಊರೇ ನೋಡಿದೆ. ಮನೆ ಒಡೆಯಬಾರದು, ತಂಡವೂ ಒಡೆಯಬಾರದು, ಎಲ್ಲ ಸದ್ದಿಲ್ಲದೆ ಸರಿಹೋಗಲಿ ಎಂದುಕೊಂಡಿರಿ. ಸದ್ದಿಲ್ಲದ್ದು ನಿಜ, ತನುಜ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು.

ಆ ಪಂದ್ಯಾವಳಿಗೆ ಹುಡುಗಿಯರ ತಂಡವನ್ನು ಕರೆದೊಯ್ಯುವ ಹೊಣೆಯನ್ನೂ ಆತನಿಗೇ ವಹಿಸಿದ್ದೀರೆಂದು ಕೇಳಿದೆ. ಮೊನ್ನೆ ಯಾಮಿನಿ ಬೂಟು ಒರೆಸುತ್ತಾ ಕೂತಿದ್ದವಳು, "ಅಮ್ಮ, ಸರ್‌ಗೆ ಗೊತ್ತಿದ್ದೂ ಗೊತ್ತಿಲ್ಲ ಅಂದ್ರೆ, ನಾಳೆ ನಮಗೇನಾದ್ರೂ ಆದಾಗ ಯಾರಿಗಮ್ಮ ಹೇಳೋದು?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ತಮ್ಮ ಬಳಿ ಮಾತ್ರ ಇದೆ. ಮೇಲಿನ ನನ್ನ ಕೋರಿಕೆಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿದರೂ ಚಿಂತೆಯಿಲ್ಲ. ಸೋಮವಾರ ಸಮಿತಿಯ ಮುಂದೆ ಕುರ್ಚಿಯಲ್ಲಿ ನೆಟ್ಟಗೆ ಕೂತು "ಗೊತ್ತಿತ್ತು" ಎಂದು ಹೇಳಿಬಿಡಿ. ಅದೊಂದು ಮಾತಿಗೆ ತನುಜಳ ಬದುಕು ನಿಂತಿದೆ, ಮತ್ತು ತಮ್ಮ ಹುಡುಗಿಯರು ತಮ್ಮನ್ನು ಸರ್ ಎಂದು ಕರೆಯುವಾಗ ಮುಖ ನೋಡಿ ಕರೆಯುವುದೂ ಅದರ ಮೇಲೆಯೇ ಇದೆ.

ತಮ್ಮ ಆರೋಗ್ಯ, ತಮ್ಮ ಮಂಡಿ, ತಮ್ಮ ನೆನಪಿನ ಶಕ್ತಿ ಮೂರೂ ಸೋಮವಾರದೊಳಗೆ ಸುಧಾರಿಸಲಿ ಎಂದು ಹಾರೈಸುತ್ತಾ,

ಇನ್ನೂ ವಿಶ್ವಾಸವನ್ನು ಪೂರ್ತಿ ಕಳೆದುಕೊಳ್ಳದ ತಮ್ಮ ವಿಶ್ವಾಸಿ,
ಶೋಭಾರಾಣಿ
(ಯಾಮಿನಿಯ ತಾಯಿ)

ಮರೆತಿದ್ದ ಮಾತು: ಭಾನುವಾರ ತಮ್ಮಲ್ಲಿಗೆ ತನುಜ ಬರುವುದಿಲ್ಲ. ಇವತ್ತು ಬೆಳಿಗ್ಗೆ ಚಿಂತಾಮಣಿ ಬಸ್ಸಿಳಿದು ನಮ್ಮ ಮನೆಗೆ ಬಂದಿದ್ದಾಳೆ. ಕೊಂಡಮ್ಮನವರೂ ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡೇ ಜೊತೆಗೆ ಬಂದಿದ್ದಾರೆ. ಇದನ್ನು ತಿಳಿಸಿ ಬರೋಣವೆಂದು ತಮ್ಮ ಮನೆಗೆ ಹೋಗಿದ್ದೆ, ತಾವು ಮೈದಾನದಲ್ಲಿದ್ದಿರಿ. ಗೋದಮ್ಮನವರು ನನ್ನ ಮಾತೆಲ್ಲ ಕೇಳಿಸಿಕೊಂಡು, "ಆವತ್ತು ನಾನೂ ಅಲ್ಲೇ ನಿಂತಿದ್ದೆ ಕಣಮ್ಮ, ಆ ಹುಡುಗಿ ಹೇಳಿದ್ದು ನನಗೂ ಕೇಳಿಸ್ತು. ಇವರು ಹೇಳ್ದಿದ್ರೆ ನಾನು ಹೇಳ್ತೀನಿ" ಎಂದರು. ಸೋಮವಾರ ತಾನೂ ಹೇಳಿಕೆ ಕೊಡುತ್ತೇನೆಂದು ಗೋದಮ್ಮನವರೇ ಸಮಿತಿಗೆ ಫೋನು ಮಾಡಿ ಹೆಸರು ಕೊಟ್ಟೂ ಆಯಿತು. ತಾವೂ ಹೇಳುವುದಾದರೆ ಒಂದೇ ಆಟೋದಲ್ಲಿ ಒಟ್ಟಿಗೆ ಹೋಗೋಣವೆಂದು ತಮಗೆ ತಿಳಿಸಲು ಹೇಳಿದ್ದಾರೆ. ಹೇಳುವುದಿಲ್ಲವಾದರೆ ಮನೆಯ ಬೀಗದಕೈ ಪಕ್ಕದ ಮನೆಯಲ್ಲಿ ಇರುತ್ತದಂತೆ, ಅನ್ನಕ್ಕೆ ತಾವೇ ಇಟ್ಟುಕೊಳ್ಳಬೇಕಂತೆ.