ವಿಭೂತಿ ಹಚ್ಚಿಕೊಂಡ ಗೀಸರ್

ಗೀಸರ್ ಹೇಳದೆ ಕೇಳದೆ ಕೆಡುವುದಿಲ್ಲ. ತಿಂಗಳುಗಟ್ಟಲೆ ಮುಂಚೆಯೇ ತಿಳಿಸುತ್ತದೆ, ಅದೂ ಮರ್ಯಾದೆಯಿಂದ. ಕೇಳಿಸಿಕೊಳ್ಳುವ ಮರ್ಯಾದೆ ಮಾತ್ರ ನಮ್ಮ ಮನೆಯವರಿಗಿಲ್ಲ. ದಾಂಡೇಲಿಯ ಈ ಮನೆಯಲ್ಲಿ ಮಿಕ್ಸರ್, ಪಂಪು, ಇಸ್ತ್ರಿಪೆಟ್ಟಿಗೆ ಎಲ್ಲವೂ ಹೀಗೆಯೇ ಕೂಗಿ ಕೂಗಿ ಸತ್ತಿವೆ. ಆದರೆ ಗೀಸರಿನ ಸಾವನ್ನು ನಾನು ಕ್ಷಮಿಸಲಾರೆ. ಮಗಳ ಮದುವೆಯ ನಂತರದ ಮೊದಲ ದೀಪಾವಳಿಗೆ ಅಳಿಯಂದಿರು ಬರುವವರಿದ್ದರು, ಜೊತೆಗೆ ಅವರ ತಾಯಿ. ಪಾಳಾ ಊರಿನ ಆ ಬೀಗಿತ್ತಿ ಮದುವೆ ಮನೆಯಲ್ಲೇ ನನ್ನ ಮುಖ ನೋಡಿ ಹೇಳಿದ್ದರು: “ಸಾಲಿ ಕಲಿತವರ ಮನ್ಯಾಗ ನೀರು ಗೀಸರ್‌ನ್ಯಾಗ ಕಾಸ್ತಾರಂತ. ನಮ್ಮ ಹಂಡೆ ನೀರಿನ ಬಿಸಿ ಅದಕ್ಕೆಲ್ಲಿ ಬರಬೇಕ್ರಿ.”

ಹಬ್ಬದ ಎಣ್ಣೆಸ್ನಾನಕ್ಕೆ ಕುದಿಯುವ ನೀರು ಕೊಟ್ಟು ಈ ಮಾತನ್ನು ಅವರಿಂದಲೇ ವಾಪಸು ತೆಗೆಸಬೇಕೆಂದು ಅಂದೇ ನಿಶ್ಚಯಿಸಿದ್ದೆ.

೧. ಸದ್ದು

ಮಳೆಗಾಲದಲ್ಲಿ ಗೀಸರ್ ಗುಡುಗುಡು ಎನ್ನತೊಡಗಿತು. ತಳದಲ್ಲಿ ಉಪ್ಪು ಕಟ್ಟಿದರೆ ಹಾಗೆ ಸದ್ದು ಬರುತ್ತದೆಂದು ನಾನು ಹೇಳಿದೆ. ನಮ್ಮ ಯಜಮಾನರು ನಿವೃತ್ತರಾಗುವವರೆಗೂ ಕಾಗದದ ಕಾರ್ಖಾನೆಯ ಬಾಯ್ಲರ್ ನೋಡಿಕೊಂಡವರು. ಗೀಸರಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಆಲಿಸಿ, “ಆರೋಗ್ಯ ಐತಿ. ಕುದಿಯೋ ನೀರು ಸುಮ್ಮನಿರ್ತೈತೇನು?” ಎಂದರು. ಬಾಯ್ಲರ್ ಮನುಷ್ಯನ ಮನೆಯಲ್ಲಿ ಗೀಸರ್ ಬದಲಿಸುವುದೆಂದರೆ ಅವರ ಇಡೀ ಸರ್ವೀಸಿಗೆ ಅವಮಾನವಂತೆ.

“ಹಂಗಾದ್ರ ನಿಮ್ಮ ಗೊರಕೀನೂ ಆರೋಗ್ಯನ?” ಎಂದೆ.

“ಮತ್ತ? ನಿಂತ್ರ ಚಿಂತಿ ಮಾಡು.”

೨. ಬಣ್ಣ

ಆಮೇಲೆ ಬಿಸಿ ನಲ್ಲಿಯಲ್ಲಿ ಕೆಂಪು ನೀರು ಬಂತು. “ಮಳಿಗಾಲದಾಗ ಕಾಳಿ ಹೊಳಿ ಕೆಂಪ ಇರ್ತೈತಿ” ಎಂದರು ಅತ್ತೆಯವರು. ಹೊಳೆ ಕೆಂಪಾದರೆ ಎರಡೂ ನಲ್ಲಿ ಕೆಂಪಾಗಬೇಕು, ತಣ್ಣೀರು ಸ್ಫಟಿಕದಂತಿತ್ತು. ಏನೇ ಹೇಳುವುದಿದ್ದರೂ ಪುರಾವೆಯೊಂದಿಗೆ ಹೇಳಬೇಕೆಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು. ಎರಡು ಗಾಜಿನ ಲೋಟಗಳಲ್ಲಿ ಎರಡೂ ನೀರು ಹಿಡಿದು ಮೇಜಿನ ಮೇಲಿಟ್ಟು, ಮೆಕ್ಯಾನಿಕ್‌ನನ್ನು ಕರೆಸಿ ಅವುಗಳ ಮುಂದೆ ಕೂರಿಸಿದೆ. ಯಜಮಾನರೂ ನೋಡಲಿ ಎಂದು ಅವರನ್ನು ಕರೆಯಲು ಅಂಗಳಕ್ಕೆ ಹೋದೆ.

ಬರುವಷ್ಟರಲ್ಲಿ ಕೆಂಪು ಲೋಟ ಖಾಲಿಯಾಗಿತ್ತು.

“ಕರಿ ಚಾ ಜರಾ ಸಪ್ಪಗ ಆಗೇತ್ರಿ ಅಕ್ಕಾರ” ಎಂದು ಆ ಮನುಷ್ಯ ಮೀಸೆ ಒರೆಸಿಕೊಂಡ. “ಆದ್ರೂ ನಡೀತೈತ್ರಿ.”

ಪುರಾವೆ ಅವನ ಹೊಟ್ಟೆ ಸೇರಿದ ಮೇಲೆ ನಾನು ತೋರಿಸುವುದಾದರೂ ಏನನ್ನು? ಅವನು ಸ್ಟೂಲ್ ಹತ್ತಿ ಗೀಸರಿನ ಬೆನ್ನು ತಟ್ಟಿ, ಇಳಿದು ಹೇಳಿದ: “ಇದೂ ನಡೀತೈತ್ರಿ.”

೩. ಹನಿ

ನೀರು ತುಂಬುವ ಹಬ್ಬದ ಸಂಜೆ ಗೀಸರಿನ ತಳದಿಂದ ಹನಿ ಬೀಳುತ್ತಿತ್ತು. ಬಚ್ಚಲ ಹಂಡೆಯನ್ನು ತಿಕ್ಕಿ, ಸಿಂಗರಿಸಿ, ನೀರು ತುಂಬಿ ಪೂಜಿಸುವ ಸಂಜೆ ಅದು. ನಮ್ಮ ಹಂಡೆ ಅಟ್ಟ ಸೇರಿ ವರ್ಷಗಳಾಗಿದ್ದರಿಂದ ಅತ್ತೆಯವರು ಪೂಜೆಯನ್ನೆಲ್ಲ ಗೀಸರಿಗೇ ಸಲ್ಲಿಸುತ್ತಾರೆ. ಸುಣ್ಣ, ಕೆಮ್ಮಣ್ಣಿನ ಪಟ್ಟಿ ಬಳಿದರು. ಹಿಂಡಲಕಾಯಿ ಬಳ್ಳಿ ಸುತ್ತಿದರು. ಕೊನೆಗೆ ಮೂರು ಬೆರಳಿನಿಂದ ಢಾಳಾಗಿ ವಿಭೂತಿ ಎಳೆದರು, ಸರಿಯಾಗಿ ನೀರು ಕಾಯುತ್ತಿದೆಯೆಂದು ತೋರಿಸುವ ಸಣ್ಣ ಕೆಂಪು ದೀಪದ ಮೇಲೆ.

“ಅತ್ತಿ, ತಳದಾಗ ಸೋರಾಕತ್ತೈತ್ರಿ.”

“ಬೆವರು ಅದು. ನಿನಗೆಲ್ಲಾದ್ರಾಗೂ ತಪ್ಪ ಕಾಣ್ತೈತಿ.”

ಬೆವರುವಷ್ಟು ಕೆಲಸ ಮಾಡುವುದನ್ನು ಅದು ಬಿಟ್ಟು ಬಹಳ ದಿನವಾಗಿತ್ತು. ಹೋಗಲಿ, ದೀಪ ಹತ್ತಿದೆಯೋ ಇಲ್ಲವೋ ಕಾಣುವುದಿಲ್ಲ, ವಿಭೂತಿಯನ್ನು ಚೂರು ಒರೆಸುತ್ತೇನೆ ಎಂದೆ. ಅತ್ತೆಯವರು ನನ್ನ ಕೈ ಹಿಡಿದು ನಿಲ್ಲಿಸಿದರು.

“ನಿಮ್ಮ ಸಾಲ್ಯಾಗ ದೇವರ ಹಣಿ ಒರಸೂದು ಕಲಿಸ್ಯಾರೇನು?”

೪. ಬಿಸಿ

ಮರುದಿನ ನಸುಕಿನಲ್ಲಿ ಅಳಿಯಂದಿರಿಗೆ ಎಣ್ಣೆ ಹಚ್ಚಿ ಆರತಿ ಮಾಡಿದೆವು. ಹೊರಗೆ ಪಟಾಕಿಯ ಗದ್ದಲದಲ್ಲಿ ಗೀಸರಿನ ಗುಡುಗುಡು ಕೇಳುವಂತಿರಲಿಲ್ಲ, ವಿಭೂತಿಯ ಹಿಂದಿನ ದೀಪ ಕಾಣುವಂತಿರಲಿಲ್ಲ. ನೀರು ಕಾದಿದೆಯೇ ಎಂದು ಯಜಮಾನರನ್ನು ಕೇಳಿದೆ. “ಸ್ವಿಚ್ ನಾನ ಹಾಕೇನಿ” ಎಂದರು, ಅಲ್ಲಿಗೆ ಎಲ್ಲ ಮುಗಿಯಿತು ಎಂಬಂತೆ.

ಅಳಿಯಂದಿರು ಸ್ನಾನಕ್ಕೆ ಹೋದಷ್ಟೇ ಬೇಗ ಹೊರಗೆ ಬಂದರು. “ನೀರು ಬಿಸಿ ಇತ್ತೇನ್ರಿ?” ಎಂದೆ.

“ಹಿ... ಹಿತ ಇತ್ತ್ರಿ” ಎಂದರು. ಹೊಸ ಅಳಿಯ ಮೊದಲ ಹಬ್ಬದಲ್ಲಿ ಮಾವನ ಮನೆಯ ನೀರಿಗೆ ಹೆಸರಿಡುವುದಿಲ್ಲ. ನಾನು ಮಾತ್ರ ಆ ತೊದಲನ್ನು ಸಂಕೋಚವೆಂದು ತಿಳಿದೆ.

“ಮಗಾ ಹಿತ ಅಂದ್ರ ಹಿತ ಇರ್ತೈತಿ” ಎಂದು ಬೀಗಿತ್ತಿ ಎದ್ದರು. ಮಗ ತಾಯಿಯನ್ನು ತಡೆಯಲು ಬಾಯಿ ತೆರೆದು, ನನ್ನನ್ನು ನೋಡಿ ಮುಚ್ಚಿಕೊಂಡರು.

ಬೀಗಿತ್ತಿ ಬಂದಾಗ ಅವರ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಒಲೆಯ ಪಕ್ಕ ಕುಳಿತು, ಚಹದ ಲೋಟವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡರು. ಮಗನ ಮಾತನ್ನು ಸುಳ್ಳು ಮಾಡುವ ಹೆಂಗಸಲ್ಲ ಅವರು. ಒಂದು ಗುಟುಕು ಚಹ ಕುಡಿದು ಹೇಳಿದರು: “ನಮ್ಮ ಹಂಡೆ ನೀರೂ ಇಂಥಾದ್ದ ಇರೂದಿಲ್ಲ ಬಿಡ್ರಿ.”

ಮದುವೆಯಿಂದ ಕಾದಿದ್ದ ಮಾತು. ನಾನು ಸೆರಗು ಸರಿಪಡಿಸಿಕೊಂಡು ನೆಟ್ಟಗೆ ನಿಂತೆ. ಬೀಗಿತ್ತಿ ನಮ್ಮ ಯಜಮಾನರ ಕಡೆ ತಿರುಗಿ ಬಹಳ ಅಕ್ಕರೆಯಿಂದ, “ನೀವೂ ಹೋಗ್ರಿ ಬೀಗರ. ತಡ ಮಾಡಬ್ಯಾಡ್ರಿ” ಎಂದರು.

ಬಾಯ್ಲರ್ ಮನುಷ್ಯ ಮೈತುಂಬ ಎಣ್ಣೆ ಬಳಿದುಕೊಂಡು ಒಳಗೆ ಹೋದರು. ಚೊಂಬು ನೆಲಕ್ಕೆ ಬಿದ್ದ ಸದ್ದು ಕೇಳಿತು. ಅಳಿಯಂದಿರು ತಲೆ ತಗ್ಗಿಸಿದರು. ಬೀಗಿತ್ತಿ ಲೋಟದೊಳಗೆ ನೋಡುತ್ತ ಕುಳಿತರು. ಆಮೇಲೆ ಬಾಗಿಲ ಹಿಂದಿನಿಂದ ಸಣ್ಣ ದನಿಯೊಂದು ಬಂತು.

“ಕೇಳಾಕತ್ತೀಯೇನು? ಗೀಸರ್‌ದು ಸದ್ದು ನಿಂತೈತಿ.”

ಎಲ್ಲವೂ ನನಗೆ ತಿಳಿದದ್ದು ಆಗ. ಬಾಗಿಲ ಬಳಿ ಹೋಗಿ ಹೇಳಿದೆ: “ನಿಂತ್ರ ಚಿಂತಿ ಮಾಡು ಅಂದಿದ್ರಲ್ಲ, ನಾ ಇಲ್ಲಿ ಚಿಂತಿ ಮಾಡ್ತೇನಿ. ನೀವು ಅಲ್ಲಿ ಸಾವಕಾಶ ಜಳಕ ಮಾಡ್ರಿ.”