ಬದಲಿ ಯಂತ್ರ

ಎಲ್ಲ ರಗಳೆಯೂ ಶುರುವಾದದ್ದು ಕ್ಲೈವ್ ಪಾಸ್ಕೋ ಕೇಕ್ ಮರೆತದ್ದರಿಂದ. ಕೂರಂಗಿ ಊರಿನ ಆಡಳಿತ ನೋಡಿಕೊಳ್ಳುವ ಶೈರ್ ಕೌನ್ಸಿಲ್ಲಿನಲ್ಲಿ ರಜೆ ಹೋಗುವವನೇ ಬೆಳಗಿನ ಚಹಾಕ್ಕೆ ಕೇಕ್ ತಂದು ಎಲ್ಲರಿಗೂ ಹಂಚಬೇಕು. ರಸ್ತೆಗುಂಡಿ ಮುಚ್ಚುವುದನ್ನು ಆ ಕಚೇರಿಯಲ್ಲಿ ಯಾರು ಮರೆತರೂ ನಡೆಯುತ್ತಿತ್ತು, ಕೇಕ್ ಮರೆತರೆ ಮಾತ್ರ ನಡೆಯುತ್ತಿರಲಿಲ್ಲ. ಪಾಪ, ರಜೆಯ ಮುಖ ಕಂಡೇ ಎಷ್ಟೋ ವರ್ಷವಾಗಿದ್ದ ಕ್ಲೈವ್‌ಗೆ ಅದು ಹೊಳೆದಿರಲೇ ಇಲ್ಲ.

ಅವನು ಕೌನ್ಸಿಲ್ಲಿಗಿದ್ದ ಏಕಮಾತ್ರ ಕಂಪ್ಯೂಟರ್ ಮನುಷ್ಯ. ಊರಿನ ಸಮಸ್ತ ಕಾರುಬಾರು ನಡೆಸುವ ಸರ್ವರ್ ಚಹಾಕೋಣೆಯ ಪಕ್ಕದ ಕಪಾಟಿನಲ್ಲಿತ್ತು. ಎದ್ದಾಗಲೆಲ್ಲ ತಾನು ಯಾರು, ತನ್ನ ಕೆಲಸವೇನು ಎಂದು ಅದು ನೆನಪು ಮಾಡಿಕೊಳ್ಳುತ್ತಿದ್ದದ್ದು ತನ್ನ ಹೊಟ್ಟೆಯೊಳಗಿನ ಎರಡು ಡಿಸ್ಕುಗಳಿಂದ. ಕ್ಲೈವ್ ರಜೆಗೆ ಹೊರಟ ದಿನವೇ ಆ ಡಿಸ್ಕುಗಳಿಗೆ ಹೊಟ್ಟೆನೋವು ಬರುತ್ತಿತ್ತು. ಒಮ್ಮೆ ಸಮುದ್ರದಂಡೆಯಿಂದ, ಇನ್ನೊಮ್ಮೆ ಮಾವನ ಅಂತ್ಯಕ್ರಿಯೆಯ ನಡುವಿನಿಂದ ಅವನನ್ನು ವಾಪಸ್ ಕರೆಸಿದ್ದರು. ಅದಕ್ಕೇ ಹೆಂಡತಿ ಮೆರಿಲ್ ಈ ಸಲ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

"ಶುಕ್ರವಾರ ನಾಲ್ಕು ಗಂಟೆಗೆ ಕ್ಯಾರವಾನ್ ಗಾಡಿ ತಂದು ಕಚೇರಿ ಮುಂದೆ ನಿಲ್ಲಿಸ್ತೀನಿ. ನೀನು ಬಂದ್ರೆ ನಿನ್ನ ಜೊತೆ ಹೋಗ್ತೀನಿ, ಬರ್ದಿದ್ರೆ ನಿನ್ನ ಬಿಟ್ಟು ಹೋಗ್ತೀನಿ. ಹೋಗೋದಂತೂ ಹೋಗೋದೇ."

ಮೆರಿಲ್ ಬೆದರಿಸುವ ಪೈಕಿ ಅಲ್ಲ, ಹೇಳಿದ್ದನ್ನು ಮಾಡುವ ಪೈಕಿ. ಕ್ಲೈವ್‌ಗೆ ನಿಜಕ್ಕೂ ಭಯವಾಗಿತ್ತು. ಮೇಲಧಿಕಾರಿ ಗ್ಲೆನಿಸ್ ಟ್ರೆಲೋರ್ ಬೇರೆ ತನ್ನದೊಂದು ಷರತ್ತು ಇಟ್ಟಿದ್ದಳು: "ನೀನಿಲ್ದೆ ಆ ಡಬ್ಬ ನಡೆಯತ್ತೆ ಅಂತ ತೋರ್ಸು ಕ್ಲೈವ್. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗು."

ಕ್ಲೈವ್‌ನ ಉಪಾಯ ಚೆನ್ನಾಗಿಯೇ ಇತ್ತು. ಹಿಂದೊಮ್ಮೆ ಬ್ಯಾಂಕಾಗಿದ್ದ ಆ ಕಟ್ಟಡದ ಹಿಂಭಾಗದಲ್ಲಿ ದಪ್ಪ ಬಾಗಿಲಿನ ತಿಜೋರಿ ಕೋಣೆಯಿತ್ತು. ಅಲ್ಲಿ ಒಂದು ದೊಡ್ಡ ಸ್ಟೋರೇಜ್ ಪೆಟ್ಟಿಗೆ ಇಟ್ಟು, ಸರ್ವರಿನ ನೆನಪನ್ನೆಲ್ಲ ಅದಕ್ಕೆ ವರ್ಗಾಯಿಸಿದ. ಇನ್ನು ಸರ್ವರ್ ಏಳುವಾಗ ಹೊಟ್ಟೆ ತಡಕಾಡಬೇಕಿಲ್ಲ, ತಂತಿಯ ಮೂಲಕ ಆ ಪೆಟ್ಟಿಗೆಯನ್ನು ಕೇಳಿದರೆ ಸಾಕು. ಶುಕ್ರವಾರ ಬೆಳಿಗ್ಗೆ ಹಳೆಯ ಡಿಸ್ಕುಗಳನ್ನು ಕಿತ್ತು ಗುಂಡಿ ಒತ್ತಿದ. ಸರ್ವರ್ ಸೊಗಸಾಗಿ ಎದ್ದು ಕೂತಿತು. ಕ್ಲೈವ್ ಹಿಗ್ಗಿ ಹೀರೇಕಾಯಿಯಾದ.

ಹತ್ತು ಗಂಟೆಗೆ ಎಲ್ಲರೂ ಚಹಾಕ್ಕೆ ಸೇರಿದಾಗ ಅವನು ಮರೆತುಬಂದ ಕನ್ನಡಕ ಕೊಡಲು ಮೆರಿಲ್ಲೂ ಬಂದಿದ್ದಳು. ಕೇಳುವವರು ಸಿಕ್ಕಿದ್ದೇ ತಡ, ಕ್ಲೈವ್ ಭಾಷಣಕ್ಕೇ ನಿಂತ.

"ನೆನಪೆಲ್ಲ ಈಗ ಪೆಟ್ಟಿಗೇಲಿದೆ. ಇನ್ಮೇಲೆ ಒಂದು ಯಂತ್ರ ಕೈಕೊಟ್ರೆ ಅಳ್ತಾ ಕೂರೋ ಹಂಗಿಲ್ಲ. ಪಕ್ಕದಲ್ಲಿ ಬದಲಿ ಇರತ್ತೆ. ಅದನ್ನ ಅದೇ ಜಾಗಕ್ಕೆ ತಂದು ಕೂರಿಸಿದ್ರೆ ಆಯ್ತು, ಪ್ರಯಾಣ ಮುಂದುವರೀತು. ವ್ಯತ್ಯಾಸ ಆದದ್ದೇ ಯಾರಿಗೂ ಗೊತ್ತಾಗಲ್ಲ."

"ಒಳ್ಳೇ ವ್ಯವಸ್ಥೆ," ಅಂದಳು ಮೆರಿಲ್, ಕನ್ನಡಕ ಅವನ ಕೈಗಿಡುತ್ತ.

"ವ್ಯವಸ್ಥೆ ಇರ್ಲಿ, ಕೇಕ್ ಎಲ್ಲಿ?" ಅಂದಳು ನೋಲೀನ್. ಇವಳು ಮುಂದಿನ ಕೌಂಟರಿನವಳು, ಮೆರಿಲ್ಲಳ ಬೋಲ್ಸ್ ಆಟದ ಜೊತೆಗಾತಿ, ಕಚೇರಿಯ ಬೆಂಕಿ ಸುರಕ್ಷತೆಯ ಉಸ್ತುವಾರಿ, ಮತ್ತು ಯಾರೂ ಕೇಳದಿದ್ದರೂ ಎಲ್ಲರಿಗೂ ಉಪಕಾರ ಮಾಡುವವಳು.

ಕ್ಲೈವ್ ಪೆಚ್ಚಾದ. ಎಲ್ಲರೂ ಖಾಲಿ ತಟ್ಟೆಗಳನ್ನು ಮೇಜಿನ ಮೇಲಿಟ್ಟರು. ಕೊನೆಗೆ ನೋಲೀನಳೇ, "ಹೋಗ್ಲಿ ಬಿಡು ಮಾರಾಯ, ಮಧ್ಯಾಹ್ನ ನಾನೇ ಏನಾದ್ರೂ ಮಾಡ್ತೀನಿ," ಅಂದಳು. ಆ ಮಾತಿಗೆ ಹೆದರಬೇಕಿತ್ತು. ಕ್ಲೈವ್ ಥ್ಯಾಂಕ್ಸ್ ಹೇಳಿದ.

ಹಳೆಯ ಡಿಸ್ಕುಗಳಲ್ಲಿ ಊರವರ ಹೆಸರು, ವಿಳಾಸ ಎಲ್ಲ ಇದ್ದದ್ದರಿಂದ ಅವನ್ನು ಹಾಗೇ ಬಿಸಾಡುವಂತಿರಲಿಲ್ಲ, ಕೌನ್ಸಿಲ್ಲಿನ ರಿಪೇರಿ ಡಿಪೋದ ಡಾರಿಲ್ ಕೈಯಲ್ಲಿ ನಾಶ ಮಾಡಿಸಬೇಕಿತ್ತು. ಡಾರಿಲ್ ಒಂದು ಬೀದಿದೀಪ ಬದಲಿಸಲು ಎರಡು ಚಳಿಗಾಲ ತೆಗೆದುಕೊಂಡವನು. ಏನಾದರೂ ಎಡವಟ್ಟಾದರೆ ಡಿಸ್ಕು ವಾಪಸ್ ತಂದರಾಯಿತು ಎಂಬ ಧೈರ್ಯದಲ್ಲೇ ಕ್ಲೈವ್ ಅವನ್ನು ಕೊಟ್ಟು ಕಳಿಸಿದ.

ಊಟದ ನಂತರ ಕಚೇರಿಯ ಎಲ್ಲ ಪರದೆಗಳೂ ಒಟ್ಟಿಗೇ ಕಲ್ಲಾದವು. ಕ್ಲೈವ್ ಕಪಾಟಿಗೆ ಓಡಿದ. ಸರ್ವರ್ ತನ್ನ ನೆನಪಿನ ಪೆಟ್ಟಿಗೆ ಸಿಗುತ್ತಿಲ್ಲವೆಂದು ಕಣ್ಣು ಕಣ್ಣು ಬಿಡುತ್ತಿತ್ತು. ಅಲ್ಲಿಂದ ತಿಜೋರಿ ಕೋಣೆಗೆ ಓಡಿ ಬಾಗಿಲಿಗೆ ಕಾರ್ಡ್ ಹಿಡಿದ. ಬಾಗಿಲು ಜಪ್ಪಯ್ಯ ಅನ್ನಲಿಲ್ಲ. ಯಾವ ಕಾರ್ಡಿಗೆ ತೆರೆಯಬೇಕು ಎಂದು ಬಾಗಿಲಿಗೆ ಹೇಳಬೇಕಾದದ್ದು ಸರ್ವರ್. ಸರ್ವರ್ ಏಳಬೇಕಾದರೆ ಪೆಟ್ಟಿಗೆ ಬೇಕು. ಪೆಟ್ಟಿಗೆ ಇರುವುದು ಬಾಗಿಲ ಆಚೆ. ಕ್ಲೈವ್ ತಲೆ ಮೇಲೆ ಕೈ ಹೊತ್ತು ನಿಂತ.

ಅಷ್ಟರಲ್ಲಿ ಮೆತ್ತಗೆ ಬಂದ ನೋಲೀನ್, "ಬಾಗಿಲು ತೆಗೀತಿಲ್ವಾ? ಒಳಗೆ ನಿನ್ನ ಪೈಗಳಿವೆ," ಅಂದಳು.

"ನನ್ನ ಏನು?"

"ಪೈ, ಮಾಂಸ ತುಂಬಿದ್ದು. ನಿನ್ನ ಬೀಳ್ಕೊಡುಗೆಗೆ. ಚಹಾಕೋಣೇಲಿ ನೀರು ಕಾಯ್ಸೋದೂ ಪೈ ಬಿಸಿ ಮಾಡೋದೂ ಒಟ್ಟಿಗೆ ಹಾಕಿದ್ರೆ ಫ್ಯೂಸ್ ಹೋಗತ್ತಲ್ಲ, ಅದಕ್ಕೆ ಬಿಸಿ ಮಾಡೋ ಡಬ್ಬ ಇಲ್ಲಿಗೆ ತಂದೆ. ಬೆಂಕಿ ಉಸ್ತುವಾರಿಯ ಕಾರ್ಡಿಗೆ ಎಲ್ಲ ಬಾಗಿಲೂ ತೆಗೆಯತ್ತಲ್ಲ. ಒಂದೇ ಪ್ಲಗ್ ಇತ್ತು. ಏನೋ ಸುಮ್ನೆ ಗುಂಯ್‌ಗುಡ್ತಾ ಇತ್ತು, ಅದನ್ನ ಕಿತ್ತೆ. ತಟ್ಟೆ ತರೋಣ ಅಂತ ಹೊರಗೆ ಬಂದೆ, ಬಾಗಿಲು ಮುಚ್ಕೊಳ್ತು."

"ನೋಲೀನ್, ಆ ಗುಂಯ್‌ಗುಡ್ತಾ ಇದ್ದದ್ದು ಇಡೀ ಊರು ಕಣಮ್ಮ."

"ನಂಗೇನು ಗೊತ್ತು? ಕಪಾಟು ಮುಟ್ಟಬೇಡಿ ಅಂತ ನೀನು ಬೋರ್ಡ್ ಹಾಕಿದ್ದೆ, ನಾನು ಮುಟ್ಟಲಿಲ್ಲ. ಇದರ ಮೇಲೆ ಬೋರ್ಡ್ ಹಾಕಿರ್ಲಿಲ್ಲ."

ಹಳೆಯ ಬೀಗದ ಕೈಯಾದರೂ ಇದ್ದಿದ್ದರೆ ಆಗುತ್ತಿತ್ತು. ಆದರೆ ನೋಲೀನ್ ಆ ಕೈ ತೆಗೆದುಕೊಂಡು ಕ್ರಿಸ್‌ಮಸ್ ಮರ, ಬಿಸ್ಕತ್ತಿನ ಡಬ್ಬ ಎಲ್ಲ ಒಳಗೆ ತುಂಬುತ್ತಾಳೆಂದು ಕ್ಲೈವ್‌ನೇ ಜಗಳವಾಡಿ ಹಳೆಯ ಬೀಗ ಕೀಳಿಸಿದ್ದ. ಕಳ್ಳರು ಫ್ಯೂಸ್ ಕಿತ್ತಾರೆಂದು, ಕರೆಂಟು ಹೋದರೂ ತೆರೆಯದಂಥ ಬೀಗವನ್ನು ಹುಡುಕಿ ತರಿಸಿದ್ದವನೂ ಅವನೇ.

ಉಳಿದದ್ದು ಹಳೆಯ ಡಿಸ್ಕುಗಳ ಆಸೆ. ಡಿಪೋಗೆ ಫೋನ್ ಮಾಡಿದ.

"ಡಾರಿಲ್, ಆ ಡಿಸ್ಕು ಹಾಗೇ ಇಟ್ಟಿದ್ದೀಯ ತಾನೇ?"

"ಏನಂದ್ಕೊಂಡಿದ್ದೀಯ ಮಾರಾಯ ನನ್ನ? ಬಂದ ತಕ್ಷಣ ಡ್ರಿಲ್ ಹಾಕಿ ಜರಡಿ ಮಾಡಿಟ್ಟೆ. ಡಿಪೋದವರು ಕೆಲಸ ಮಾಡಲ್ಲ ಅಂತ ಇನ್ನೊಂದ್ಸಲ ಹೇಳಬೇಡ."

ಇನ್ನು ಬಾಗಿಲು ಒಡೆಯುವುದೊಂದೇ ದಾರಿ. ಗ್ಲೆನಿಸ್ ಸುತರಾಂ ಒಪ್ಪಲಿಲ್ಲ. "ಇದು ಪಾರಂಪರಿಕ ಬಾಗಿಲು. ಮೊಳೆ ಹೊಡೀಬೇಕಾದ್ರೂ ಕೌನ್ಸಿಲ್ಲಿಗೆ ಅರ್ಜಿ ಹಾಕ್ಬೇಕು."

"ಕೌನ್ಸಿಲ್ ಅಂದ್ರೆ ನೀವೇ ಅಲ್ವಾ?"

"ಹೌದು. ಆದ್ರೆ ಅರ್ಜಿ ತಗೊಳ್ಳೋ ಸರ್ವರ್ ನಿಂತಿದೆಯಲ್ಲ."

ಹೀಗೆ ಗಂಟೆ ಮೂರು ದಾಟಿತು. ಕಿಟಕಿಯಾಚೆ ಮೆರಿಲ್ ಕ್ಯಾರವಾನ್ ತಂದು ನಿಲ್ಲಿಸಿದ್ದು ಕಂಡಿತು. ಅದೇ ಹೊತ್ತಿಗೆ ಬಾಗಿಲ ಸಂದಿಯಿಂದ ಪೈ ಸೀದ ವಾಸನೆ ಬಂತು, ಹಿಂದೆಯೇ ಸಣ್ಣಗೆ ಹೊಗೆ. ನೋಲೀನ್ ಬೆಂಕಿ ಉಸ್ತುವಾರಿಯ ಕೆಂಪು ಟೋಪಿ ಹಾಕಿಕೊಂಡು ಎಲ್ಲರನ್ನೂ ಹುಲ್ಲುಹಾಸಿಗೆ ಅಟ್ಟಿದಳು. ಈಗ ಗ್ಲೆನಿಸಳ ಪರಂಪರೆ ಕರಗಿತು. ಡಾರಿಲ್ ಡ್ರಿಲ್ ಹಿಡಿದು ಬಂದು, ಡಿಸ್ಕಿಗೆ ತೋರಿಸಿದ್ದ ಹುಮ್ಮಸ್ಸನ್ನೇ ಬೀಗಕ್ಕೂ ತೋರಿಸಿದ.

ಕ್ಲೈವ್ ಒಳನುಗ್ಗಿ ಪೈ ಡಬ್ಬದ ಪ್ಲಗ್ ಕಿತ್ತು ಪೆಟ್ಟಿಗೆಯದನ್ನು ಸಿಕ್ಕಿಸಿದ. ಕಪಾಟಿಗೆ ಓಡಿ ಗುಂಡಿ ಒತ್ತಿದ. ಸರ್ವರ್ ಎದ್ದಿತು. ಪರದೆಗಳೆಲ್ಲ ಜೀವ ತಳೆದವು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಕ್ಲೈವ್ ಟೋಪಿ ಎತ್ತಿಕೊಂಡ.

"ಎಲ್ಲಿಗೆ?" ಅಂದಳು ಗ್ಲೆನಿಸ್.

"ರಜೆಗೆ. ನಾನಿಲ್ದೆ ನಡೆಯತ್ತೆ ನೋಡಿ."

"ನಡೆಯತ್ತೆ, ಒಪ್ಪಿದೆ. ಆದ್ರೆ ಬಾಗಿಲಿಗೆ ಬೀಗ ಎಲ್ಲಿದೆ? ಇಡೀ ಊರು ಆ ಪೆಟ್ಟಿಗೇಲಿದೆ ಅಂತ ನೀನೇ ಹೇಳಿದ್ದು. ಇಂಥ ಬೀಗ ನಗರದಿಂದ ಬರೋಕೆ ಒಂದು ವಾರ ಬೇಕು. ಅಲ್ಲಿವರೆಗೆ ಯಾರಾದ್ರೂ ಪಕ್ಕದಲ್ಲಿ ಕೂತು ಕಾಯ್ಲೇಬೇಕು. ಏನು ಕಿತ್ರೆ ಏನಾಗತ್ತೆ ಅಂತ ಗೊತ್ತಿರೋನು ನೀನೊಬ್ನೇ."

ಕ್ಲೈವ್ ಬೇಡಿಕೊಂಡ, ರೇಗಿದ, ಮತ್ತೆ ಬೇಡಿಕೊಂಡ. ಗ್ಲೆನಿಸ್ ತಾನೇ ಕುರ್ಚಿ ತಂದು ತಿಜೋರಿ ಕೋಣೆಯ ಮುಂದೆ ಹಾಕಿಕೊಟ್ಟಳು. ಕೊನೆಗೆ ಅವನು ಕ್ಯಾರವಾನಿನ ಬಳಿ ಹೋಗಿ ಎಲ್ಲವನ್ನೂ ಹೇಳಿಕೊಂಡ.

ಮೆರಿಲ್ ಕೂಗಾಡಲಿಲ್ಲ. "ಪರವಾಗಿಲ್ಲ ಕ್ಲೈವ್. ಬೆಳಿಗ್ಗೆ ನೀನು ಹೇಳಿದ್ದು ನಂಗೆ ಪೂರ್ತಿ ಅರ್ಥವಾಗಿತ್ತು," ಅಂದಳು.

"ಯಾವುದು?"

"ಒಂದು ಕೈಕೊಟ್ರೆ ಅಳ್ತಾ ಕೂರೋ ಹಂಗಿಲ್ಲ ಅಂದ್ಯಲ್ಲ."

ಆಚೆ ಕಡೆಯ ಬಾಗಿಲು ತೆರೆದು ನೋಲೀನ್ ಹತ್ತಿ ಕೂತಳು. ಅವಳಿಗೂ ತುಂಬ ದಿನದ ರಜೆ ಬಾಕಿಯಿತ್ತು, ಗ್ಲೆನಿಸ್ ಆಗಲೇ ಹೂಂ ಅಂದಿದ್ದಳು. ತೊಡೆಯ ಮೇಲೆ ದೊಡ್ಡದೊಂದು ಕೇಕಿನ ಡಬ್ಬವಿತ್ತು.

"ಪೈ ಕೆಡಬಹುದು ಅಂತ ಮನೇಲಿ ಇದನ್ನೂ ಮಾಡಿಟ್ಟಿದ್ದೆ," ಅನ್ನುತ್ತ ನೋಲೀನ್ ರಜೆ ಹೋಗುವವರ ಕಟ್ಟುಪಾಡಿನಂತೆ ಕಿಟಕಿಯಿಂದ ಅವನಿಗೊಂದು ತುಂಡು ಕೊಟ್ಟಳು. ಕ್ಯಾರವಾನ್ ಹೊರಟಿತು.

ಆ ವಾರವಿಡೀ ಕ್ಲೈವ್ ಬಾಗಿಲ ಮುಂದೆ ಕೂತಿದ್ದ. ಸರ್ವರ್ ಒಂದು ಸಲವೂ ನಿಲ್ಲಲಿಲ್ಲ.